ಕಳ್ಳ ಬಂದು ರಿಪೇರಿ ಮಾಡಿ ಹೋದದ್ದು

ಕಚೇರಿಯಲ್ಲಿ ಅವನನ್ನು ಎಲ್ಲರೂ ತಾಳೆಪ್ಪ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ನೋಂದಣಿ ಕಚೇರಿಯಲ್ಲಿ ನಕಲು ಪ್ರತಿಯನ್ನು ಅಸಲಿನ ಜೊತೆ ಇಟ್ಟು ತಾಳೆ ನೋಡಿ, ‘ಅಸಲಿನಂತೆಯೇ ಇದೆ’ ಎಂದು ಬರೆದು ರುಜು ಹಾಕುವುದು ಅವನ ಕೆಲಸ. ಹತ್ತೊಂಬತ್ತು ವರ್ಷಗಳಲ್ಲಿ ಒಂದು ಅಲ್ಪವಿರಾಮವೂ ಅವನ ಕಣ್ಣು ತಪ್ಪಿಸಿ ಹೋದದ್ದಿಲ್ಲ. ಅಂಥ ಕಣ್ಣಿಗೆ ಒಂದು ಭಾನುವಾರ ಹಾಡಹಗಲೇ ಮಣ್ಣು ಬಿತ್ತು. ಎರಚಿದವರು ಯಾರೂ ಇಲ್ಲ, ತಾನೇ ಎರಚಿಕೊಂಡ.

ತಾಳೆಪ್ಪನ ಕಾರಿಗೆ ಇಪ್ಪತ್ಮೂರು ವರ್ಷ. ಅವನ ಅಪ್ಪ ಕೊಂಡದ್ದು. ಅಪ್ಪ ತೀರಿಕೊಂಡ ಮೇಲೆ ಮಗನಿಗೆ ಉಳಿದದ್ದು ಆ ಕಾರು ಮತ್ತು ಅದರ ಡ್ಯಾಶ್‌ಬೋರ್ಡಿನ ಗೂಡಿನಲ್ಲಿದ್ದ, ಎರಡು ಹಲ್ಲು ಮುರಿದ ಒಂದು ಕಪ್ಪು ಬಾಚಣಿಗೆ. ಕಾರಿನಿಂದ ಇಳಿಯುವ ಮೊದಲು ಅಪ್ಪ ಕನ್ನಡಿ ನೋಡಿಕೊಂಡು ತಲೆ ಬಾಚುತ್ತಿದ್ದರು. ತಲೆಯಲ್ಲಿ ಬಾಚುವುದಕ್ಕೆ ಏನೂ ಉಳಿಯದ ಮೇಲೂ ಬಾಚುತ್ತಿದ್ದರು. ತಾಳೆಪ್ಪನಿಗೆ ಆ ಕಾರು ಎಂದರೆ ಪ್ರಾಣ, ಅದನ್ನು ಕಳೆದುಕೊಂಡರೆ ಅಪ್ಪನನ್ನು ಎರಡನೇ ಸಲ ಕಳೆದುಕೊಂಡ ಹಾಗೆ ಎಂದು ಅವನು ನಂಬಿದ್ದ. ಅವನ ಹೆಂಡತಿಗೆ ಮಾತ್ರ ಆ ಕಾರು ಎಂದರೆ ನಡುರಸ್ತೆಯಲ್ಲಿ ಮೂರು ಸಲ ನಿಂತು ಮಾನ ಕಳೆದ ವಸ್ತು.

ಮೂರು ತಿಂಗಳ ಹಿಂದೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿಕೊಂಡಿತು. ಕಾರು ಬಿಕ್ಕಳಿಸುತ್ತಾ ಓಡತೊಡಗಿತು. ಇದನ್ನು ಮೊದಲು ಕಂಡವರು ಹೆಂಡತಿಯ ಅಪ್ಪ, ನಿವೃತ್ತ ಸ್ಟೇಷನ್ ಮಾಸ್ಟರ್. ಮೂವತ್ನಾಲ್ಕು ವರ್ಷ ರೈಲುಗಳನ್ನು ನಿಲ್ಲಿಸಿ, ಬಿಟ್ಟು ಅಭ್ಯಾಸವಾದ ಮನುಷ್ಯ. ಸಿಗ್ನಲ್ ಕೆಟ್ಟಾಗ ಸ್ಟೇಷನ್ ಮಾಸ್ಟರ್ ಕೈಯಾರೆ ಚೀಟಿ ಬರೆದುಕೊಟ್ಟರೆ ಗಾಡಿ ಅದನ್ನು ದಾಟಿಹೋಗಬಹುದು ಎಂದು ನಿಯಮವಿದೆಯಂತೆ. ತಮ್ಮ ಇಡೀ ಸೇವೆಯಲ್ಲಿ ಅಂಥ ಚೀಟಿ ಬರೆದದ್ದು ಎರಡೇ ಸಲ ಎಂದು ಅವರು ತಾರೀಖು ಸಮೇತ ಹೇಳುತ್ತಿದ್ದರು, ಅದೂ ಕೇಳದೆಯೇ.

"ಹಳದಿ ಬಿತ್ತು ಅಂದ್ರೆ ಮುಂದೆ ಕೆಂಪು ಕಾದಿದೆ ಅಂತ ಅರ್ಥ, ಅಳಿಯಂದಿರೇ," ಎಂದರು ಮಾವ. "ಗಾಡಿ ಗುಜರಿಗೆ ಹೋಗ್ಲಿ."

ಮೂಲೆಯ ಮೆಕ್ಯಾನಿಕ್ ನೋಡಿ, ಇದು ಹೊಗೆ ಕೊಳವೆಯ ಮೇಲೆ ಕೂತಿರುವ ಆಕ್ಸಿಜನ್ ಸೆನ್ಸರ್ ಕೆಟ್ಟಿರುವುದು, ಬದಲಾಯಿಸಿದರೆ ದೀಪ ಆರುತ್ತದೆ, ಈ ಮಾದರಿಯ ಹಳೇ ಕಾರುಗಳಿಗೆಲ್ಲ ಇದೇ ಕಾಯಿಲೆ, ಹತ್ತು ನಿಮಿಷದ ಕೆಲಸ ಎಂದ. ಅಲ್ಲಿಗೇ ಒಪ್ಪಿಕೊಂಡಿದ್ದರೆ ಕಥೆ ಮುಗಿಯುತ್ತಿತ್ತು. ಆದರೆ ತಾಳೆಪ್ಪ ಈ ವಿಷಯವನ್ನು ಕಚೇರಿಯಲ್ಲಿ ಹೇಳಿದ. ಪಕ್ಕದ ಮೇಜಿನವನು, ನಿಮ್ಮಂಥವರು ಅಲ್ಪವಿರಾಮ ಬದಲಾಯಿಸಬಹುದು, ಸೆನ್ಸರ್ ಅಲ್ಲ ಎಂದು ನಕ್ಕ. ಆ ನಗು ತಾಳೆಪ್ಪನಿಗೆ ಚುಚ್ಚಿತು. ಅಂದು ಸಂಜೆ ಮಾವನ ಎದುರು ಎದೆ ಸೆಟೆಸಿ, ಸೆನ್ಸರನ್ನು ತಾನೇ, ತನ್ನ ಕೈಯಾರೆ ಬದಲಾಯಿಸುತ್ತೇನೆ ಎಂದು ಸಾರಿಬಿಟ್ಟ. ಮಾವ ಕನ್ನಡಕ ಏರಿಸಿ ಅಳಿಯನ ಕೈಗಳನ್ನು ನೋಡಿದರು. ಇದೇ ಅಳಿಯ ಬಲ್ಬು ಹಾಕಲು ಹೋಗಿ ಇಡೀ ಮಹಡಿಯನ್ನು ಕತ್ತಲು ಮಾಡಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಕೊನೆಗೆ ಷರತ್ತು ಹಾಕಿದರು: ಭಾನುವಾರ ಸಂಜೆ ಐದು ಗಂಟೆಗೆ ಬರುತ್ತೇನೆ, ಅಷ್ಟರಲ್ಲಿ ದೀಪ ಆರಿರಬೇಕು. ಆರದಿದ್ದರೆ ಕಾರನ್ನು ಖುದ್ದಾಗಿ ಗುಜರಿಗೆ ಓಡಿಸಿಕೊಂಡು ಹೋಗುತ್ತೇನೆ. ಮಾತಿಗೆ ಜಾಮೀನಾಗಿ ಎರಡನೇ ಕೀಲಿಯನ್ನು ಜೇಬಿಗೆ ಹಾಕಿಕೊಂಡೇ ಹೊರಟರು.

ತಾಳೆಪ್ಪ ಹೊಸ ಸೆನ್ಸರ್ ತಂದ. ಮೊಬೈಲಿನಲ್ಲಿ ರಿಪೇರಿಯ ವೀಡಿಯೊವನ್ನು ಹನ್ನೊಂದು ಸಲ ನೋಡಿದ. ಮೆಕ್ಯಾನಿಕ್ ಬಳಿ ಹೋಗಿ ದೊಡ್ಡ ಸ್ಪ್ಯಾನರ್ ಕೇಳಿದ. ಮೆಕ್ಯಾನಿಕ್ ಅವನ ಮುಖವನ್ನೂ ಸ್ಪ್ಯಾನರನ್ನೂ ಬಾರಿ ಬಾರಿ ನೋಡಿ, ಸರ್, ಕಾರನ್ನೇ ಇಲ್ಲಿಗೆ ತನ್ನಿ, ನಾನು ಯಾರಿಗೂ ಹೇಳಲ್ಲ ಎಂದು ಬೇಡಿಕೊಂಡ. ತಾಳೆಪ್ಪ ಜಗ್ಗಲಿಲ್ಲ. ಹಿಡಿಕೆಗೆ ಕೆಂಪು ಬಣ್ಣ ಬಳಿದಿದ್ದ ಆ ಸ್ಪ್ಯಾನರನ್ನು ಮೆಕ್ಯಾನಿಕ್ ಮಗುವನ್ನು ಪರಊರಿಗೆ ಕಳಿಸುವವನ ಹಾಗೆ ಒಪ್ಪಿಸಿದ.

ಇಲ್ಲಿ ತಾಳೆಪ್ಪ ವಾಸವಿದ್ದ ಕಟ್ಟಡದ ನೆಲಮಾಳಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅಲ್ಲಿ ಕಾರು ನಿಲ್ಲಿಸುವ ಹದಿನಾಲ್ಕನೇ ಅಂಕಣ ತಾಳೆಪ್ಪನದು. ಹದಿನೈದನೆಯದು ಮೇಲಿನ ಮಹಡಿಯ ನಿವೃತ್ತ ಜಡ್ಜ್ ಸಾಹೇಬರದು. ಜಡ್ಜ್ ಸಾಹೇಬರ ಕಾರೂ ಅದೇ ಮಾದರಿ, ಅದೇ ಬಿಳಿ, ಅದೇ ವಯಸ್ಸು. ಒಬ್ಬ ಮಾರಾಟಗಾರ ಗೇಟಿನ ಬಳಿ ಬಂದಾಗ ಇಬ್ಬರೂ ಒಂದೇ ಥರದ ಬೂದು ಹೊದಿಕೆ ಕೊಂಡಿದ್ದರು. ಶನಿವಾರ ಅಂಕಣಗಳ ಗೆರೆಗೆ ಹೊಸ ಬಣ್ಣ ಹೊಡೆದರು, ಕಾರುಗಳನ್ನು ಸರಿಸಬೇಕಾಯಿತು. ಬಣ್ಣ ಒಣಗಿದ ಮೇಲೆ ವಾಚ್‌ಮನ್ ಜಡ್ಜ್ ಸಾಹೇಬರ ಕಾರನ್ನು ತಂದು ಹದಿನಾಲ್ಕರಲ್ಲಿ ನಿಲ್ಲಿಸಿದ. ತಾಳೆಪ್ಪನ ಹೆಂಡತಿ ಬಂದು ನೋಡಿ, ಖಾಲಿ ಇದ್ದ ಹದಿನೈದರಲ್ಲಿ ತಮ್ಮ ಕಾರು ನಿಲ್ಲಿಸಿದಳು. ಮೇಲೆ ಬಂದು ಗಂಡನಿಗೆ ಹೇಳಿಯೂ ಹೇಳಿದಳು. ಗಂಡ ಹನ್ನೊಂದನೇ ಸಲ ವೀಡಿಯೊ ನೋಡುತ್ತಾ ‘ಹ್ಞೂ’ ಎಂದ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ತಾಳೆಪ್ಪ ಹಳೇ ಬನಿಯನ್ನು ತೊಟ್ಟು, ಸ್ಪ್ಯಾನರ್ ಹಿಡಿದು, ಸೀದಾ ಹದಿನಾಲ್ಕನೇ ಅಂಕಣಕ್ಕೆ ಹೋಗಿ ಹೊದಿಕೆ ಎಳೆದ. ನಂಬರ್ ಪ್ಲೇಟು ಕಣ್ಣೆದುರಿಗೇ ಇತ್ತು. ಆದರೆ ತನ್ನ ಮನೆಗೆ ಹೋಗುವವನು ಬಾಗಿಲ ಮೇಲಿನ ನಂಬರ್ ಓದಿಕೊಂಡು ಹೋಗುತ್ತಾನೆಯೇ?

ಕೀಲಿ ಸ್ವಲ್ಪ ಬಿಗಿಯಾಗಿ ತಿರುಗಿತು. ಸೀಟಿನ ಮೇಲೆ ಹೂವಿನ ದಿಂಬೊಂದಿತ್ತು. ಹೆಂಡತಿ ಯಾವಾಗ ಇಟ್ಟಳೋ ಎಂದುಕೊಂಡ. ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಇರಬೇಕಾದ ಜಾಗಕ್ಕೆ ಒಂದು ತುಂಡು ಕಪ್ಪು ಟೇಪು ಅಂಟಿಸಿತ್ತು. ಇದನ್ನೂ ಅವಳೇ ಅಂಟಿಸಿರಬೇಕು, ಅಪ್ಪನ ಕಣ್ಣಿಗೆ ದೀಪ ಬೀಳದಿರಲೆಂದು, ಎಷ್ಟಾದರೂ ತನ್ನ ಮೇಲೆ ಪ್ರೀತಿ ಇದೆ ಎಂದುಕೊಂಡಾಗ ಅವನ ಕಣ್ಣು ತೇವವಾಯಿತು. ಟೇಪು ಕಿತ್ತು ಎಂಜಿನ್ ಚಾಲೂ ಮಾಡಿದ. ಕಾರು ಬಿಕ್ಕಳಿಸಿತು, ಹಳದಿ ದೀಪ ಆರದೆ ಉರಿಯಿತು. ಎಲ್ಲ ಸರಿಯಾಗಿಯೇ ಕೆಟ್ಟಿದೆ ಎಂದು ಅವನಿಗೆ ಸಮಾಧಾನವಾಯಿತು.

ಮುಂದಿನ ಮೂರು ಗಂಟೆಗಳಲ್ಲಿ ತಾಳೆಪ್ಪ ಪಟ್ಟ ಪಾಡು ಆ ದೇವರಿಗೇ ಪ್ರೀತಿ. ಬ್ಯಾಟರಿಯ ತಂತಿ ಬಿಚ್ಚಿದ. ತುಕ್ಕು ಬಿಡಿಸುವ ಎಣ್ಣೆಯನ್ನು ಸೆನ್ಸರಿನ ಬುಡಕ್ಕೆ ಹೊಡೆಯಲು ಹೋಗಿ ತನ್ನ ಕನ್ನಡಕಕ್ಕೆ ಹೊಡೆದುಕೊಂಡ. ಇಪ್ಪತ್ತು ನಿಮಿಷ ಬಿಡಿ ಎಂದು ವೀಡಿಯೊದವನು ಹೇಳಿದ್ದರಿಂದ ಗಡಿಯಾರ ನೋಡುತ್ತಾ ಇಪ್ಪತ್ತು ನಿಮಿಷ ಕೂತ. ಸ್ಪ್ಯಾನರ್ ಹಾಕಿ ಎಳೆದ, ಜಗ್ಗಿದ, ನೇತುಬಿದ್ದ. ಕೊನೆಗೆ ‘ಟಕ್’ ಎಂದು ಸದ್ದಾಯಿತು. ಎಂಜಿನ್ನೇ ಮುರಿಯಿತೆಂದು ಅವನು ಕಣ್ಣು ಮುಚ್ಚಿಕೊಂಡ. ನೋಡಿದರೆ ಸೆನ್ಸರ್ ಸಡಿಲಾಗಿತ್ತು. ಹಳೆಯದನ್ನು ಬಿಚ್ಚಿ ತೆಗೆದು, ಹೊಸದನ್ನು ಕೂರಿಸಿ, ತಂತಿ ಜೋಡಿಸಿ, ಬ್ಯಾಟರಿ ಹಾಕಿ, ಕೀಲಿ ತಿರುಗಿಸಿದ. ದೀಪ ಒಂದು ಸಲ ಮಿನುಗಿ ಆರಿಹೋಯಿತು. ಎಂಜಿನ್ ಒಂದಿಷ್ಟೂ ಬಿಕ್ಕದೆ ಓಡಿತು.

ತಾಳೆಪ್ಪ ಅತ್ತ. ಅಪ್ಪನಿಗೆ ಸುದ್ದಿ ಮುಟ್ಟಿಸುವವನಂತೆ ಗೂಡಿಗೆ ಕೈ ಹಾಕಿ ಬಾಚಣಿಗೆ ತಡಕಿದ. ಬಾಚಣಿಗೆ ಇರಲಿಲ್ಲ.

ಗೆದ್ದ ಸಂತೋಷವೆಲ್ಲ ಜರ್ರನೆ ಇಳಿದುಹೋಯಿತು. ಗುಜರಿಗೆ ಹಾಕುವ ಮುಂಚೆಯೇ ಅಪ್ಪ ಮಗಳು ಸೇರಿ ಕಾರು ಖಾಲಿ ಮಾಡಿದ್ದಾರೆ ಎಂದು ಅವನಿಗೆ ಹೊಳೆಯಿತು. ಹೊದಿಕೆ ಎಳೆದು, ಕೀಲಿ ಕಿತ್ತುಕೊಂಡು, ದಡದಡ ಮೆಟ್ಟಿಲು ಹತ್ತಿದ. ಸ್ಪ್ಯಾನರ್ ಬ್ಯಾಟರಿಯ ಮೇಲೇ ಉಳಿಯಿತು, ಬಾನೆಟ್ಟು ಅರ್ಧ ಮಾತ್ರ ಮುಚ್ಚಿತ್ತು. ಮನೆಯಲ್ಲಿ ಒಂದು ಗಂಟೆ ಬಾಚಣಿಗೆಯ ಯುದ್ಧ ನಡೆಯಿತು. ನಾನು ಮುಟ್ಟಿದ್ದರೆ ಕೇಳಿ ಎಂದು ಹೆಂಡತಿ ಆಣೆ ಇಟ್ಟಳು. ನಂಬದೆ ಅವನು ಊಟ ಬಿಟ್ಟು, ಸ್ನಾನ ಮಾಡಿ, ಮುಸುಕು ಹಾಕಿಕೊಂಡು ಮಲಗಿದ. ಹಳೇ ಸೆನ್ಸರಿಗೆ ಮಾತ್ರ ಅಭ್ಯಾಸಬಲದಿಂದ ಒಂದು ಚೀಟಿ ಕಟ್ಟಿ, ‘ತೆಗೆದದ್ದು, ಅಸಲು’ ಎಂದು ಬರೆದು, ಅಂಗಿಯ ಜೇಬಿನಲ್ಲಿಟ್ಟುಕೊಂಡಿದ್ದ.

ಅವನನ್ನು ಎಬ್ಬಿಸಿದ್ದು ನೆಲಮಾಳಿಗೆಯಿಂದ ಬಂದ ಗದ್ದಲ.

ಜಡ್ಜ್ ಸಾಹೇಬರಿಗೆ ಒಂದು ಪದ್ಧತಿಯಿತ್ತು. ಪ್ರತಿ ಭಾನುವಾರ ಸಂಜೆ ನಾಲ್ಕಕ್ಕೆ ಕೆಳಗಿಳಿದು ಕಾರಿನಲ್ಲಿ ಹತ್ತು ನಿಮಿಷ ಕೂತು ಎಂಜಿನ್ ಓಡಿಸುತ್ತಿದ್ದರು. ಹೊರಗೆ ಒಯ್ಯುತ್ತಿರಲಿಲ್ಲ. ಅದು ಬಿಕ್ಕಳಿಸುತ್ತದೆ, ತಮ್ಮ ಹಾಗೆ ಅದಕ್ಕೂ ವಯಸ್ಸಾಯಿತು ಎಂದು ಮೂರು ವರ್ಷದ ಹಿಂದೆಯೇ ತೀರ್ಪು ಕೊಟ್ಟಿದ್ದರು. ಅಂದು ಅವರು ವಾಚ್‌ಮನ್ ಹೇಳಿದಂತೆ ಹದಿನಾಲ್ಕರಲ್ಲಿದ್ದ ಕಾರಿಗೆ ಬಂದು ನೋಡಿದರೆ ದಿಂಬಿನ ಮೇಲೆ ಗ್ರೀಸಿನ ಕೈ. ಟೇಪು ಮಾಯ. ಕಾರಿನ ಗಡಿಯಾರ ಹನ್ನೆರಡರಿಂದ ಮತ್ತೆ ಎಣಿಸುತ್ತಿದೆ. ಎಂಜಿನ್ ಚಾಲೂ ಮಾಡಿದರೆ ಬಿಕ್ಕಳಿಕೆಯೇ ಇಲ್ಲ. ಸಾಹೇಬರು ಹೌಹಾರಿ ಇಳಿದರು, ಬಾನೆಟ್ಟು ಎತ್ತಿ ಕೆಂಪು ಹಿಡಿಕೆಯ ಸ್ಪ್ಯಾನರ್ ಕಂಡರು, ಠಾಣೆಗೆ ಫೋನ್ ಮಾಡಿದರು.

ತಾಳೆಪ್ಪ ಕಣ್ಣುಜ್ಜಿಕೊಂಡು ಇಳಿದು ಬರುವ ಹೊತ್ತಿಗೆ ಅರ್ಧ ಕಟ್ಟಡವೇ ಅಲ್ಲಿ ಸೇರಿತ್ತು. ಹೆಡ್ ಕಾನ್‌ಸ್ಟೇಬಲ್ ನೋಟುಪುಸ್ತಕ ಬಿಚ್ಚಿ ನಿಂತಿದ್ದ. ಕಾರಿನೊಳಗೆ ಕಾಲಡಿ ಸಿಕ್ಕ ಟೇಪಿನ ತುಂಡನ್ನು ಮೊದಲನೇ ಸಾಕ್ಷ್ಯವೆಂದು ಒಂದು ಹಾಳೆಗೆ ಅಂಟಿಸಿಕೊಂಡಿದ್ದ.

"ಏನು ಕಳುವಾಗಿದೆ, ಸಾಹೇಬ್ರೇ?"

"ಏನೂ ಕಳುವಾಗಿಲ್ಲ."

"ಮತ್ತೆ ಏನು ಹಾಳಾಗಿದೆ?"

"ಏನೂ ಹಾಳಾಗಿಲ್ಲ. ಸರಿಯಾಗಿದೆ. ಅದೇ ನನ್ನ ದೂರು. ಮೂರು ವರ್ಷದಿಂದ ಕೆಟ್ಟಿದ್ದ ಗಾಡಿ ನನ್ನ ಅಪ್ಪಣೆ ಇಲ್ಲದೆ ಸರಿಯಾಗಿದೆ."

ಹೆಡ್ ಕಾನ್‌ಸ್ಟೇಬಲ್ ಪೆನ್ನು ಹಿಡಿದದ್ದು ಹಿಡಿದಂತೆಯೇ ನಿಂತ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಕಳ್ಳ ಬಂದು ರಿಪೇರಿ ಮಾಡಿ ಹೋದ ಪ್ರಕರಣ ಅವನು ಕಂಡಿರಲಿಲ್ಲ, ಅದಕ್ಕೆ ನಮೂನೆಯಲ್ಲಿ ಅಂಕಣವೂ ಇರಲಿಲ್ಲ. ನೆರೆದವರಿಗೆಲ್ಲ ದಿಗಿಲು ಹುಟ್ಟಿತು. ಇವತ್ತು ಕಾರು ರಿಪೇರಿ ಮಾಡಿದವನು ನಾಳೆ ಮನೆಯೊಳಗೆ ನುಗ್ಗಿ ಏನೇನು ರಿಪೇರಿ ಮಾಡುತ್ತಾನೋ ಎಂದು ಎರಡನೇ ಮಹಡಿಯ ದರ್ಜಿಯ ಹೆಂಡತಿ ಎದೆ ಹಿಡಿದುಕೊಂಡಳು. ಬಾಗಿಲು ಹೇಗೆ ತೆರೆಯಿತು ಎಂಬ ಪ್ರಶ್ನೆ ಬಂತು. ಪರೀಕ್ಷೆಗೆಂದು ಹೆಡ್ ಕಾನ್‌ಸ್ಟೇಬಲ್ ತನ್ನ ಬೈಕಿನ ಕೀಲಿ ಹಾಕಿದ, ತೆರೆಯಿತು. ವಾಚ್‌ಮನ್ ತನ್ನ ಪೆಟ್ಟಿಗೆಯ ಕೀಲಿ ಹಾಕಿದ, ಅದಕ್ಕೂ ತೆರೆಯಿತು, ಎಂಜಿನ್ನೂ ಚಾಲೂ ಆಯಿತು. ಸವೆದ ಆ ಬೀಗವನ್ನು ಇಷ್ಟು ವರ್ಷ ದಿನಾ ಎರಡೆರಡು ಸಲ ಎಳೆದು ನೋಡುತ್ತಿದ್ದ ಜಡ್ಜ್ ಸಾಹೇಬರು ಮುಖ ಬಿಳುಚಿಕೊಂಡು ಬಣ್ಣದ ಡಬ್ಬದ ಮೇಲೆ ಕೂತುಬಿಟ್ಟರು.

ಆಗಲೇ ತಾಳೆಪ್ಪನ ಕಣ್ಣು, ಹತ್ತೊಂಬತ್ತು ವರ್ಷ ಪಳಗಿದ ಆ ಕಣ್ಣು, ನಂಬರ್ ಪ್ಲೇಟಿನ ಮೇಲೆ ಬಿದ್ದದ್ದು. ಮೊದಲ ಅಂಕಿಗೇ ತಾಳೆಯಾಗಲಿಲ್ಲ. ಪಕ್ಕದ ಹದಿನೈದರಲ್ಲಿ, ಬೂದು ಹೊದಿಕೆಯ ಕೆಳಗೆ, ಅಪ್ಪನ ಕಾರು ಬಾಚಣಿಗೆಯ ಸಮೇತ, ಕೆಟ್ಟ ಸೆನ್ಸರಿನ ಸಮೇತ ನಿಂತಿದೆ. ಗಂಟೆ ನಾಲ್ಕೂವರೆ. ಇನ್ನು ಅರ್ಧ ಗಂಟೆಗೆ ಮಾವ ಬರುತ್ತಾರೆ.

ಬಾಯಿ ಮುಚ್ಚಿಕೊಂಡಿರಬಹುದಿತ್ತು. ಆದರೆ ಅಷ್ಟರಲ್ಲಿ ವಾಚ್‌ಮನ್ ಕೆಂಪು ಹಿಡಿಕೆ ಗುರುತಿಸಿ ಮೆಕ್ಯಾನಿಕ್‌ನನ್ನು ಕರೆತಂದಿದ್ದ. ಈ ಸ್ಪ್ಯಾನರ್ ನಿನ್ನದೇನು ಎಂದು ಕೇಳಿದರೆ ಮೆಕ್ಯಾನಿಕ್ ಹೌದೆಂದ. ಯಾರಿಗೆ ಕೊಟ್ಟಿದ್ದೆ ಎಂದರೆ ತಾಳೆಪ್ಪನ ಕಡೆ ಒಮ್ಮೆ ನೋಡಿ, ತಲೆ ತಗ್ಗಿಸಿ ಸುಮ್ಮನಾದ. ಯಾರಿಗೂ ಹೇಳಲ್ಲ ಎಂದ ಮಾತನ್ನು ಅವನು ಉಳಿಸಿಕೊಳ್ಳುತ್ತಿದ್ದ. ಠಾಣೆಗೆ ನಡಿ ಎಂದು ಹೆಡ್ ಕಾನ್‌ಸ್ಟೇಬಲ್ ಅವನ ಭುಜ ಹಿಡಿದ. ತಾಳೆಪ್ಪನಿಗೆ ತಡೆಯಲಾಗಲಿಲ್ಲ.

"ಅವನನ್ನ ಬಿಡಿ. ರಿಪೇರಿ ಮಾಡಿದ್ದು ನಾನು."

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹೆಡ್ ಕಾನ್‌ಸ್ಟೇಬಲ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನೊಬ್ಬರನ್ನು ಉಳಿಸಲು ಸುಳ್ಳು ತಪ್ಪೊಪ್ಪಿಗೆ ಕೊಡುವುದೂ ಅಪರಾಧ ಎಂದು ಎಚ್ಚರಿಸಿದ. ವಾಚ್‌ಮನ್, ಈ ಸಾರ್ ಕೈಯಲ್ಲಿ ಗೇಟಿನ ಚಿಲಕವೂ ಸರಿಯಾಗಿ ಬೀಳಲ್ಲ ಎಂದು ಸಾಕ್ಷಿ ನುಡಿದ. ಹೆಂಡತಿ ಮುಂದೆ ಬಂದಾಗ, ಸದ್ಯ ಇವಳಾದರೂ ನಂಬುತ್ತಾಳೆ ಎಂದು ತಾಳೆಪ್ಪ ಆಸೆಪಟ್ಟ.

"ಇವರಿಗೆ ಆಗೋ ಕೆಲಸ ಅಲ್ಲ ಅದು," ಎಂದಳು ಅವಳು. "ಬೆಳಿಗ್ಗೆಯಿಂದ ಊಟ ಮಾಡಿಲ್ಲ, ಬಾಚಣಿಗೆ ಬಾಚಣಿಗೆ ಅಂತ ಕನವರಿಸ್ತಿದ್ದಾರೆ. ಮನಸ್ಸಿಗೆ ಹಚ್ಚಿಕೋಬೇಡಿ."

ತಾಳೆಪ್ಪ ಜೇಬಿನಿಂದ ಹಳೇ ಸೆನ್ಸರ್ ತೆಗೆದು ಎತ್ತಿ ಹಿಡಿದ. ಚೀಟಿ ತೂಗಾಡಿತು. ಹೆಂಡತಿ ಗಂಡನ ಅಕ್ಷರ ಗುರುತಿಸಿ, "ಅಯ್ಯೋ, ನಿಜವಾಗ್ಲೂ ಇವರೇ," ಎಂದು ಗೋಡೆಗೆ ಒರಗಿದಳು. ಗಂಡ ಕಳ್ಳನಾದದ್ದಕ್ಕಿಂತ ಅವನು ರಿಪೇರಿ ಮಾಡಿದ್ದೇ ಅವಳಿಗೆ ದೊಡ್ಡ ಆಘಾತವಾಗಿತ್ತು.

ಹೇಳಿಕೆ ಬರೆದುಕೊಳ್ಳಲು ಮೇಜು ಬೇಕೆಂದು ಹೆಡ್ ಕಾನ್‌ಸ್ಟೇಬಲ್ ಎಲ್ಲರನ್ನೂ ಜಡ್ಜ್ ಸಾಹೇಬರ ಮನೆಗೆ ಹತ್ತಿಸಿದ. ವಾಚ್‌ಮನ್ ಸಾಕ್ಷಿಯಾದ್ದರಿಂದ ಅವನೂ ಹತ್ತಿದ, ಗೇಟಿನಲ್ಲಿ ಯಾರೂ ಉಳಿಯಲಿಲ್ಲ. ತಾಳೆಪ್ಪ ಮಾಡಿದ್ದನ್ನೆಲ್ಲ ಒಪ್ಪಿಕೊಂಡ. ಕೊನೆಗೆ ಹೇಳಿಕೆಯ ಎರಡು ಪ್ರತಿಗಳನ್ನು ತಾಳೆ ನೋಡಿ ಒಂದು ಒತ್ತಕ್ಷರ ತಿದ್ದಿಯೂ ಕೊಟ್ಟ. ಮತ್ತೆ ಎಲ್ಲರೂ ಇಳಿದು ಬಂದಾಗ ಗಂಟೆ ಐದು ಹತ್ತು.

ಹದಿನಾಲ್ಕನೇ ಅಂಕಣ ಖಾಲಿ ಇತ್ತು.

ಹೊಸ ಗೆರೆಗಳ ನಡುವೆ ನೆಲ ಮಾತ್ರ ಹೊಳೆಯುತ್ತಿತ್ತು. ಜಡ್ಜ್ ಸಾಹೇಬರು ಮತ್ತೆ ಬಣ್ಣದ ಡಬ್ಬ ಹುಡುಕಿ ಅದರ ಮೇಲೆ ಕೂತರು. ಹೆಡ್ ಕಾನ್‌ಸ್ಟೇಬಲ್ ಮುಖದಲ್ಲಿ ಮಾತ್ರ ಕಳೆ ಬಂತು, ಈಗ ಬರೆಯುವುದಕ್ಕೆ ಅಂಕಣವಿತ್ತು. ತಾಳೆಪ್ಪ ಹೆಂಡತಿಯ ಮುಖ ನೋಡಿದ, ಹೆಂಡತಿ ಅವನ ಮುಖ ನೋಡಿದಳು. ಐದು ಎಂದರೆ ಐದಕ್ಕೇ ಬರುವ ಮನುಷ್ಯ ಲೋಕದಲ್ಲಿ ಒಬ್ಬರೇ. ಮಗಳ ಮನೆಯ ಅಂಕಣ ಹದಿನಾಲ್ಕು ಎಂದು ಅವರಿಗೆ ಬಾಯಿಪಾಠ. ಫೋನ್ ಮಾಡಿದರು. ಗಾಡಿ ಓಡಿಸುವಾಗ ಮಾವ ಫೋನ್ ಎತ್ತುವವರಲ್ಲ. ಗುಜರಿಯ ಯಂತ್ರಕ್ಕೆ ಕಾರೊಂದನ್ನು ಚಪ್ಪಟೆ ಮಾಡಲು ಎಷ್ಟು ಹೊತ್ತು ಬೇಕು ಎಂದು ಜಡ್ಜ್ ಸಾಹೇಬರು ಕ್ಷೀಣವಾಗಿ ಕೇಳಿದರು. ನಾಲ್ಕು ನಿಮಿಷ ಎಂದು ಮೆಕ್ಯಾನಿಕ್ ಹೇಳಬಾರದಿತ್ತು, ಹೇಳಿದ.

ಐದೂ ಮೂವತ್ತೈದಕ್ಕೆ ಗೇಟಿನಲ್ಲಿ ಹಾರನ್ ಕೇಳಿಸಿತು. ಬಿಳಿ ಕಾರು ಇಳಿಜಾರಿನಲ್ಲಿ ಸದ್ದಿಲ್ಲದೆ ಇಳಿದು ಬಂದು ಹದಿನಾಲ್ಕರಲ್ಲಿ ನಿಂತಿತು. ಮಾವ ಇಳಿದರು. ಇಷ್ಟು ಜನ ತಮ್ಮನ್ನು ಎದುರುಗೊಳ್ಳಲು ನಿಂತದ್ದು ಅವರಿಗೆ ಸಹಜವೆನಿಸಿತು. ಗಂಟಲು ಸರಿಮಾಡಿಕೊಂಡರು.

"ಅಳಿಯಂದಿರೇ, ನಾನು ಸೋತೆ," ಎಂದರು. "ದೀಪ ಉರಿಯುತ್ತೆ ಅಂತ್ಲೇ ಕೀಲಿ ತಿರುಗಿಸಿದೆ. ಉರೀಲಿಲ್ಲ. ಸುಳ್ಳಿರಬೇಕು ಅಂತ ಗುಜರಿಯ ಬಾಗಿಲ ತನಕ ಓಡಿಸಿದೆ. ನೀರು ಕುಡಿದ ಹಾಗೆ ಹೋಯ್ತು. ಎಲ್ಲರ ಮುಂದೆ ಹೇಳ್ತೀನಿ, ಈ ಗಾಡಿ ಇನ್ನು ಮನೆ ಬಿಟ್ಟು ಹೋಗಕೂಡದು. ಇದು ನನ್ನ ಮಾತು."

"ಇದು ಇವರ ಗಾಡಿ," ಎಂದು ಹೆಡ್ ಕಾನ್‌ಸ್ಟೇಬಲ್ ಜಡ್ಜ್ ಸಾಹೇಬರನ್ನು ತೋರಿಸಿ, ಮಾವನ ಮುಂಗೈ ಹಿಡಿದ.

ಒಂದು ರೈಲನ್ನೂ ತಪ್ಪು ಹಳಿಗೆ ಬಿಡದ ಆ ಮನುಷ್ಯ ನಂಬರ್ ಪ್ಲೇಟಿನತ್ತ ತಿರುಗಿದರು. ಓದಿದರು. ಪಕ್ಕದ ಹೊದಿಕೆಯನ್ನು ಮಗಳು ಎತ್ತಿ ತೋರಿಸಿದಾಗ ಅದನ್ನೂ ಓದಿದರು. ಎರಡನ್ನೂ ಮತ್ತೊಮ್ಮೆ ಓದಿದರು. ತಾಳೆಪ್ಪನಿಗೆ ಅವರ ಮೇಲೆ ಹುಟ್ಟಿದ್ದು ಮರುಕ, ಇದುವರೆಗೆ ಹುಟ್ಟಿರದ ಭಾವನೆ. ಅವನು ಹೋಗಿ ಮಾವನ ಪಕ್ಕದಲ್ಲಿ ನಿಂತುಕೊಂಡ.

ಜಡ್ಜ್ ಸಾಹೇಬರು ಡಬ್ಬದಿಂದ ಎದ್ದರು. ಮಾವನ ಹತ್ತಿರ ಬಂದು, ಬೇರೆ ಯಾರಿಗೂ ಕೇಳಿಸಬಾರದು ಎಂಬಂತೆ ಕೇಳಿದರು.

"ನಿಜವಾಗ್ಲೂ ನೀರು ಕುಡಿದ ಹಾಗೆ ಹೋಯ್ತಾ?"

ಮಾವ ತಲೆಯಾಡಿಸಿದರು. ಸೇತುವೆಯ ಏರು ಹತ್ತಿತೇ ಎಂದರು ಸಾಹೇಬರು. ಹತ್ತಿತು ಎಂದರು ಮಾವ. ಮೂರು ವರ್ಷದಿಂದ ಆ ಸೇತುವೆ ದಾಟದ ಸಾಹೇಬರು ಕಾರಿನ ತಲೆ ನೇವರಿಸಿ, ದೂರು ವಾಪಸ್ ಎಂದರು. ಸೆನ್ಸರ್ ಅಲ್ಲೇ ಇರಲಿ, ಮೆಕ್ಯಾನಿಕ್ ಬುಧವಾರ ಇನ್ನೊಂದು ಹೊಸದು ತಂದು ತಾಳೆಪ್ಪನ ಕಾರಿಗೆ ತನ್ನ ಕೈಯಾರೆ ಹಾಕಲಿ, ತಾಳೆಪ್ಪ ಹತ್ತು ಮಾರು ದೂರ ನಿಂತಿರಲಿ ಎಂದು ತೀರ್ಪಿತ್ತರು. ಹೆಡ್ ಕಾನ್‌ಸ್ಟೇಬಲ್ ಬರೆದದ್ದನ್ನೆಲ್ಲ ದುಃಖದಿಂದ ಹೊಡೆದುಹಾಕಿದ.

ಜನ ಕರಗಿದ ಮೇಲೆ ತಾಳೆಪ್ಪ ತನ್ನ ಕಾರಿನ ಬಾಗಿಲು ತೆರೆದ. ಗೂಡಿನಲ್ಲಿ ಬಾಚಣಿಗೆ ಇತ್ತು. ಅದರ ಹಲ್ಲು ಮುರಿದ ಜಾಗವನ್ನು ಬೆರಳಿನಿಂದ ಸವರಿ, ಕೀಲಿ ತಿರುಗಿಸಿದ. ಕಾರು ಬಿಕ್ಕಳಿಸಿತು, ಹಳದಿ ದೀಪ ಉರಿಯಿತು. ಕಿಟಕಿಯಲ್ಲಿ ಮಾವನ ಮುಖ ಕಂಡಾಗ ಅವನು ಸ್ಟೀರಿಂಗ್ ಹಿಡಿದುಕೊಂಡ. ಮಾತು ಕೊಟ್ಟದ್ದು ಆ ಗಾಡಿಗೆ, ಈ ಗಾಡಿಗಲ್ಲ ಎಂದುಬಿಟ್ಟರೆ ಇದು ಗುಜರಿಗೇ ಹೋಗಬೇಕು.

ಮಾವ ಬಗ್ಗಿ ಉರಿಯುವ ದೀಪವನ್ನು ನೋಡಿದರು. ಆಮೇಲೆ ಇನ್ನೂ ಅಲ್ಲೇ ಇದ್ದ ಹೆಡ್ ಕಾನ್‌ಸ್ಟೇಬಲ್ ಕಡೆಗೆ ಕೈ ಚಾಚಿ, ನೋಟುಪುಸ್ತಕದಲ್ಲಿ ಅಂಟಿಸಿದ್ದ ಟೇಪಿನ ತುಂಡನ್ನೂ ಒಂದು ಖಾಲಿ ಹಾಳೆಯನ್ನೂ ಕೇಳಿ ಪಡೆದರು. ಟೇಪನ್ನು ದೀಪದ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿ ಅಂಟಿಸಿದರು. ಬಾನೆಟ್ಟಿನ ಮೇಲೆ ಹಾಳೆ ಇಟ್ಟು ಬರೆದು, ಗಡಿಯಾರ ನೋಡಿ ಸಮಯ ಹಾಕಿ, ರುಜು ಮಾಡಿ ಅಳಿಯನ ಕೈಗೆ ಕೊಟ್ಟರು. ‘ಸಿಗ್ನಲ್ ಕೆಟ್ಟಿದೆ. ಗಾಡಿ ಮುಂದೆ ಹೋಗಬಹುದು’ ಎಂದಿತ್ತು.

ಅವರ ಬದುಕಿನಲ್ಲಿ ಅದು ಮೂರನೇ ಚೀಟಿ. ಇಂದಿಗೂ ಅವರು ಲೆಕ್ಕ ಹೇಳುವಾಗ ಎರಡೇ ಎನ್ನುತ್ತಾರೆ, ತಾಳೆಪ್ಪನೂ ತಿದ್ದುವುದಿಲ್ಲ. ಚೀಟಿ ಗೂಡಿನಲ್ಲಿ, ಬಾಚಣಿಗೆಯ ಕೆಳಗಿದೆ.